ಎತ್ತರಕ್ಕೆ ಅಂಜುವವರ ಮೊದಲ ಜಿಗಿತ

ಗರಗ, ಧಾರವಾಡ ತಾಲೂಕು

ಎತ್ತರ ಕಂಡರೆ ಎದೆ ಝಲ್ಲೆನ್ನುವ ತಮ್ಮ-ತಂಗಿಯರಿಗೆ,

ಬಂಗೀ ಜಿಗಿತವೆಂದರೆ ಕಾಲಿಗೆ ರಬ್ಬರಿನ ಹಗ್ಗ ಕಟ್ಟಿಕೊಂಡು ಎತ್ತರದಿಂದ ತಲೆಕೆಳಗಾಗಿ ಬೀಳುವುದು. ಇದರ ಬೇರು ಪೆಸಿಫಿಕ್ ಸಾಗರದ ವನುವಾಟು ದೇಶದ ಪೆಂಟೆಕೋಸ್ಟ್ ದ್ವೀಪದಲ್ಲಿದೆ. ಅಲ್ಲಿನ ಗಂಡಸರು ಗೆಡ್ಡೆಯ ಸುಗ್ಗಿಯ ಹೊತ್ತಿಗೆ ಕಟ್ಟಿಗೆಯ ಅಟ್ಟಣಿಗೆ ಏರಿ, ಕಾಲಿಗೆ ಕಾಡುಬಳ್ಳಿ ಬಿಗಿದು ನೆಲದತ್ತ ಹಾರುತ್ತಾರೆ. ಅದನ್ನು ಕಂಡು ಕೇಳಿದ ಆಕ್ಸ್‌ಫರ್ಡಿನ ಕೆಲವು ಹುಚ್ಚು ಹುಡುಗರು 1979ರ ಏಪ್ರಿಲ್ 1ರಂದು ಬ್ರಿಸ್ಟಲ್‌ನ ಕ್ಲಿಫ್ಟನ್ ತೂಗುಸೇತುವೆಯಿಂದ ರಬ್ಬರ್ ಹಗ್ಗ ಕಟ್ಟಿಕೊಂಡು ಜಿಗಿದರು. 1988ರಲ್ಲಿ ಎ. ಜೆ. ಹ್ಯಾಕೆಟ್ ನ್ಯೂಜಿಲೆಂಡಿನ ಕವರಾವ್ ಸೇತುವೆಯಲ್ಲಿ ಅದನ್ನೇ ಟಿಕೆಟ್ಟಿನ ಆಟವಾಗಿಸಿದರು. ಭಾರತದಲ್ಲಿ ಹೆಸರಾದ ಜಾಗ ಋಷಿಕೇಶದ ಹತ್ತಿರದ ಮೋಹನಚಟ್ಟಿ. ಎತ್ತರ 83 ಮೀಟರ್.

ಹಾಗೆ ಬೀಳುವ ಅನುಭವ ಧಾರವಾಡ ಸೀಮೆಗೆ ತೀರ ಹೊಸದೇನಲ್ಲ. ನಾಗರಪಂಚಮಿಗೆ ಬೇವಿನ ಮರಕ್ಕೋ ಹುಣಸೆ ಮರಕ್ಕೋ ಕಟ್ಟಿದ ಜೋಕಾಲಿಯನ್ನು ಜೋರಾಗಿ ಜೀಕಿದಾಗ, ತುದಿ ಮುಟ್ಟಿ ಹಿಂದಿರುಗುವ ಆ ಒಂದು ಗಳಿಗೆಯಲ್ಲಿ ಹಗ್ಗದ ಬಿಗಿ ಸಡಿಲುತ್ತದೆ, ಹೊಟ್ಟೆಯೊಳಗಿನದೆಲ್ಲ ಮೇಲೆದ್ದಂತಾಗುತ್ತದೆ. ಬಂಗೀಯಲ್ಲಿ ಆ ಗಳಿಗೆ ಎರಡು ಸೆಕೆಂಡಿನಷ್ಟು ಉದ್ದವಾಗುತ್ತದೆ. 20 ಮೀಟರ್ ಬೀಳಲು ಸುಮಾರು ಎರಡು ಸೆಕೆಂಡು ಸಾಕು. ಅಷ್ಟರಲ್ಲಿ ವೇಗ ಗಂಟೆಗೆ 70 ಕಿ.ಮೀ. ಮುಟ್ಟಿರುತ್ತದೆ. ಆಮೇಲೆ ಹಗ್ಗ ಹಿಗ್ಗುತ್ತ ಆ ವೇಗವನ್ನೆಲ್ಲ ನುಂಗಿಕೊಳ್ಳುತ್ತದೆ.

ಎತ್ತರದ ಅಂಜಿಕೆ ಪುಕ್ಕಲುತನವಲ್ಲ. 1960ರಲ್ಲಿ ಎಲೀನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ ಪ್ರಕಟಿಸಿದ ಪ್ರಯೋಗದಲ್ಲಿ ಅಂಬೆಗಾಲಿಡುವ ಕೂಸುಗಳನ್ನು ಗಾಜು ಹಾಸಿದ ಆಳದ ಅಂಚಿಗೆ ಬಿಡಲಾಯಿತು. ಆಚೆಯಿಂದ ತಾಯಿ ಕರೆದರೂ ಹೆಚ್ಚಿನವು ದಾಟಲಿಲ್ಲ. ದೊಡ್ಡವರಲ್ಲಿ ಇನ್ನೊಂದು ಕಾರಣವೂ ಸೇರುತ್ತದೆ. ನಿಂತ ಮೈ ಸದಾ ಸಣ್ಣಗೆ ತೂಗುತ್ತಿರುತ್ತದೆ. ಹತ್ತಿರದ ಗೋಡೆ-ಗಿಡಗಳನ್ನು ನೋಡಿ ಕಣ್ಣು ಅದನ್ನು ತಿದ್ದುತ್ತದೆ. ಮಾಳಿಗೆಯ ಅಂಚಿನಲ್ಲಿ ಕಣ್ಣಿಗೆ ಹತ್ತಿರದ್ದೇನೂ ಸಿಗದು, ತೂಗಾಟ ಹೆಚ್ಚುತ್ತದೆ, ಕಾಲು ನಡುಗುತ್ತವೆ. ಕುಂಬಿಯನ್ನು ಹಿಡಿದೊಡನೆ ಅರ್ಧ ಭಯ ಇಳಿಯುವುದು ಇದರಿಂದಲೇ.

ಒಂದೇ ಜಿಗಿತಕ್ಕೆ ಈ ಭಯ ಹೋಗುತ್ತದೆಂಬುದು ಜಾಹೀರಾತಿನ ಮಾತು. ಹೋಗುವುದು ರೂಢಿಯಿಂದ. ಜರ್ಮನಿಯ ಕವಿ ಗಯಟೆ ಸ್ಟ್ರಾಸ್‌ಬರ್ಗಿನಲ್ಲಿ ಓದುತ್ತಿದ್ದಾಗ ಅಲ್ಲಿನ ಚರ್ಚಿನ ಗೋಪುರವನ್ನು ಮತ್ತೆ ಮತ್ತೆ ಏರಿ ತಲೆಸುತ್ತು ಕಳೆದುಕೊಂಡ. ಇಂದಿನ ಮನೋವೈದ್ಯರ ದಾರಿಯೂ ಅದೇ. ಉತ್ತರ ಕರ್ನಾಟಕದವರಿಗೆ ಅದಕ್ಕೆ ಬೇರೆ ಗೋಪುರ ಹುಡುಕಬೇಕಿಲ್ಲ: ಮೊದಲು ಮನೆಯ ಮಾಳಿಗೆ, ಆಮೇಲೆ ಹುಬ್ಬಳ್ಳಿಯ ನೃಪತುಂಗ ಬೆಟ್ಟ, ಅದು ಸಲೀಸಾದ ಮೇಲೆ ವಿಜಯಪುರದ ಗೋಳಗುಮ್ಮಟದ ಒಳಸುತ್ತಿನ ಪಿಸುಗುಟ್ಟುವ ಮೊಗಸಾಲೆ. ಪ್ರತಿಯೊಂದು ಕಡೆ ಎದೆಬಡಿತ ತಣ್ಣಗಾಗುವವರೆಗೆ ನಿಲ್ಲಬೇಕು. ನಡುವೆ ಓಡಿಬಂದರೆ ಭಯ ಇನ್ನೂ ಗಟ್ಟಿಯಾಗುತ್ತದೆ. ಮಾಳಿಗೆ ಹತ್ತುವುದೂ ಆಗದಷ್ಟು ಅಂಜಿಕೆಯಿದ್ದರೆ ಧಾರವಾಡದ ಡಿಮ್ಹಾನ್ಸ್‌ನಂಥ ಆಸ್ಪತ್ರೆಯ ವೈದ್ಯರ ಸಲಹೆ ಪಡೆಯುವುದರಲ್ಲಿ ನಾಚಿಕೆಯಿಲ್ಲ.

ಅಂಜುವವರಿಗೆ ಒಂದು ಲಾಭವುಂಟು, ಅವರು ಹಗ್ಗವನ್ನು ನೋಡುತ್ತಾರೆ. ರಾಷ್ಟ್ರಧ್ವಜದ ಖಾದಿಗೆ ಹೆಸರಾದ ಗರಗದಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಸು ಎಷ್ಟು ಎಳೆತ ತಡೆಯುತ್ತದೆ, ಹೊಕ್ಕು ಎಷ್ಟು ತಡೆಯುತ್ತದೆ ಎಂದು ಪರೀಕ್ಷೆಯಾಗದೆ ಬಟ್ಟೆ ಧ್ವಜವಾಗುವುದಿಲ್ಲ. ಬಂಗೀ ಹಗ್ಗವೂ ನೂರಾರು ರಬ್ಬರ್ ಎಳೆಗಳ ಕಂತೆ. ಬಿಸಿಲಿಗೆ, ಬಳಕೆಗೆ ಅದು ಸವೆಯುತ್ತದೆ. ಇಷ್ಟು ಜಿಗಿತವಾದ ಮೇಲೆ ಎಸೆಯಬೇಕೆಂಬ ಲೆಕ್ಕ ಇರುತ್ತದೆ. ಆ ಲೆಕ್ಕದ ಪುಸ್ತಕ ಕೇಳಿದರೆ ಮುಖ ಸಿಂಡರಿಸುವ ಜಾಗದಲ್ಲಿ ಹಾರಬಾರದು. ಹಾರುವವರ ತೂಕಕ್ಕೆ ತಕ್ಕ ಹಗ್ಗ ಆರಿಸುವುದರಿಂದ ತೂಕ ನೋಡದೆ ಮೇಲೆ ಕಳಿಸುವವರನ್ನೂ ನಂಬಬಾರದು. ರಕ್ತದೊತ್ತಡ, ಹೃದಯದ ತೊಂದರೆ, ಮೂರ್ಛೆರೋಗ, ಬೆನ್ನು-ಕುತ್ತಿಗೆಯ ಪೆಟ್ಟು ಇದ್ದವರು, ಬಸುರಿಯರು ಹಾರುವಂತಿಲ್ಲ. ತಲೆಕೆಳಗಾದಾಗ ಕಣ್ಣಿಗೆ ರಕ್ತ ನುಗ್ಗುತ್ತದೆ. ದಪ್ಪ ಕನ್ನಡಕದವರು ಮೊದಲು ಕಣ್ಣಿನ ವೈದ್ಯರನ್ನು ಕೇಳಬೇಕು.

ಭಾಷೆಯ ಮಾತನ್ನು ಯಾರೂ ಹೇಳುವುದಿಲ್ಲ, ಹೇಳಬೇಕು. 2015ರಲ್ಲಿ ಸ್ಪೇನಿನ ಸೇತುವೆಯೊಂದರಿಂದ 17 ವರ್ಷದ ಡಚ್ ಹುಡುಗಿಯೊಬ್ಬಳು ಹಗ್ಗವನ್ನು ಸೇತುವೆಗೆ ಬಿಗಿಯುವ ಮೊದಲೇ ಹಾರಿ ಸತ್ತಳು. ತರಬೇತಿದಾರ ಇಂಗ್ಲಿಷಿನಲ್ಲಿ 'ನೋ ಜಂಪ್' ಅಂದದ್ದು ಅವಳಿಗೆ 'ನೌ ಜಂಪ್' ಎಂದು ಕೇಳಿಸಿರಬೇಕೆಂಬ ಮಾತು ನ್ಯಾಯಾಲಯದವರೆಗೆ ಹೋಯಿತು. ಋಷಿಕೇಶದಲ್ಲಿ ಹಿಂದಿ-ಇಂಗ್ಲಿಷಿನ ಸೂಚನೆ ಕೇಳುವ ಕನ್ನಡದ ಹುಡುಗರು 'ಹಾರು' ಎನ್ನುವುದಕ್ಕೆ ಯಾವ ಮಾತು, 'ನಿಲ್ಲು' ಎನ್ನುವುದಕ್ಕೆ ಯಾವ ಮಾತು ಎಂದು ಕಟ್ಟೆ ಏರುವ ಮುಂಚೆಯೇ ಕೇಳಿ ಖಚಿತ ಮಾಡಿಕೊಳ್ಳಬೇಕು.

ತುದಿಯಲ್ಲಿ ನಿಂತಾಗ ಕೆಳಗೆ ನೋಡದೆ ಎದುರಿನ ಗುಡ್ಡದ ಅಂಚನ್ನು ನೋಡುವುದು, ಉಸಿರನ್ನು ನಿಧಾನವಾಗಿ ಹೊರಗೆ ಬಿಡುವುದು, ಎಣಿಕೆ ಮುಗಿದೊಡನೆ ಹಾರುವುದು. ತಡಮಾಡಿದಷ್ಟೂ ಕಾಲು ಭಾರವಾಗುತ್ತವೆ. ದೂಡಿಸಿಕೊಳ್ಳಲು ಮಾತ್ರ ಒಪ್ಪಬಾರದು. ಗೆಳೆಯರ ಮೊಬೈಲು ಕೆಳಗೆ ಕಾಯುತ್ತಿದೆ ಎಂಬುದು ಹಾರಲು ಕಾರಣವೇ ಅಲ್ಲ. ಹಾರದೆ ಹಿಂದಿರುಗಿದರೆ ಟಿಕೆಟ್ಟಿನ ಹಣ ಸಾಮಾನ್ಯವಾಗಿ ವಾಪಸ್ಸು ಬರುವುದಿಲ್ಲ. ಹೋಗುವ ಮೊದಲೇ ಆ ಹಣವನ್ನು ಖರ್ಚಿನಲ್ಲಿ ಬರೆದಿಟ್ಟು ಹೋಗಿ.

ಇಂತಿ,
ಗರಗದ ಕಾಕಾ