ಹಿತ್ತಲ ಕೋಳಿಗಳ ಒಳಜಗಳವೂ ಹೊರಗಣ ಹಗೆಯೂ

ಸಂಚಿಕೆಯ ಸಂಪಾದಕಿಯರು ಗೃಹಕೃತ್ಯಕ್ಕೆ ಸಂಬಂಧಪಟ್ಟ ಒಂದು ಪಾಠವನ್ನು ಬರೆದುಕೊಡಬೇಕೆಂದು ಕೇಳಿದಾಗ, ಹೊಲಿಗೆ, ಅಡಿಗೆ, ಶಿಶುಪೋಷಣೆ ಇವುಗಳನ್ನು ಕುರಿತು ನನಗಿಂತ ಬಲ್ಲವರು ಬರೆಯುವರೆಂದು ತಿಳಿದು ನಾನು ಕೋಳಿಗಳ ವಿಷಯವನ್ನು ಆರಿಸಿಕೊಂಡೆನು. ನಗುವವರು ನಗಬಹುದು. ಆದರೆ ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಿಂದ ಬಂದು ಓದಿದ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿಯ ಪುಸ್ತಕದ ಹಣವು ತಾಯಿಯ ಮೊಟ್ಟೆಯ ಕಾಸಿನಿಂದಲೇ ಬಂದದ್ದೆಂಬುದನ್ನು ಬಲ್ಲವರು ನಗಲಾರರು. ಹಾಲಿನ ಹಣವು ಯಜಮಾನನ ಕೈಗೆ ಹೋಗುವುದುಂಟು; ರಾಗಿಯ ಹಣವು ಸಾಲಕ್ಕೆ ಹೋಗುವುದುಂಟು; ಮೊಟ್ಟೆಯ ಕಾಸು ಮಾತ್ರ ಮನೆಯಾಕೆಯ ಸೆರಗಿನ ಗಂಟಿನಲ್ಲಿಯೇ ಉಳಿಯುತ್ತದೆ.

ನಾನು ಕೆಲಸದಿಂದ ನಿವೃತ್ತಳಾಗಿ ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮ ಹಳ್ಳಿಯ ಮನೆಗೆ ಬಂದ ಎರಡನೆಯ ವರ್ಷ, ಏಳು ನಾಟಿ ಹೇಂಟೆಗಳೂ ಒಂದು ಹುಂಜವೂ ಇದ್ದ ಗೂಡಿಗೆ ಎರಡು ತಿಂಗಳು ತುಂಬಿದ ಆರು ಗಿರಿರಾಜ ಮರಿಗಳನ್ನು ತಂದು ಬಿಟ್ಟೆನು. ಗಿರಿರಾಜವೆಂಬುದು ಹೆಬ್ಬಾಳದ ಪಶುವೈದ್ಯ ಕಾಲೇಜಿನವರು ಹಿತ್ತಲ ಸಾಕಣೆಗೆಂದೇ ಬೆಳೆಯಿಸಿ 1989ರಲ್ಲಿ ಹೊರತಂದ ತಳಿ. ಮೈ ಭಾರವಾದದ್ದು, ಗರಿ ಬಣ್ಣಬಣ್ಣದ್ದು. ಆ ಆರರಲ್ಲಿ ಒಂದು ಮರಿಯನ್ನು ನೆರೆಮನೆಯ ಎಂಟನೆಯ ತರಗತಿಯ ಹುಡುಗಿಯು ತಾನು ಕೂಡಿಟ್ಟ ಹಣದಿಂದ ಕೊಂಡಿದ್ದಳು. ಅವರ ಮನೆಯಲ್ಲಿ ಗೂಡಿಗೆ ಸ್ಥಳವಿಲ್ಲದ್ದರಿಂದ ಅದನ್ನು ನಮ್ಮಲ್ಲಿಯೇ ಬಿಟ್ಟು, ಗುರುತಿಗಾಗಿ ಕಾಲಿಗೆ ನೀಲಿ ದಾರವನ್ನು ಕಟ್ಟಿದ್ದಳು. ಮುಂದಿನ ವರ್ಷದ ನೋಟುಪುಸ್ತಕಗಳ ಲೆಕ್ಕವೆಲ್ಲ ಆ ದಾರದ ಮೇಲೆ ನಿಂತಿತ್ತು.

ಮೂರನೆಯ ದಿನ ಬೆಳಿಗ್ಗೆ ನೋಡಿದರೆ ನೀಲಿ ದಾರದ ಮರಿಯಿಲ್ಲ. ಸೌದೆಯ ಒಟ್ಟಿಲಿನ ಹಿಂದೆ ಒಂದು ಹಿಡಿ ಗರಿ, ಅಷ್ಟೆ. ನಾನು ಕಾಡುಬೆಕ್ಕನ್ನು ಬಾಯಿಗೆ ಬಂದಂತೆ ಬಯ್ದೆನು. ಹುಡುಗಿಯ ಅಜ್ಜಿಯು ಗರಿಗಳನ್ನು ನೋಡಿ, ಗೂಡನ್ನು ನೋಡಿ, ಬಳಿಕ ನನ್ನನ್ನೂ ನೋಡಿ, “ಬೆಕ್ಕನ್ಯಾಕೆ ಬಯ್ತೀಯ ತಾಯಿ? ಮರೀನ ಹೊರಗೆ ಮಲಗ್ಸಿದ್ದು ನಿನ್ನ ಕೆಂಪು ಯಾಟೆ ಅಲ್ವಾ?” ಎಂದಳು. ಹೇಂಟೆಯನ್ನು ನಮ್ಮ ಕಡೆ ಯಾಟೆಯೆಂದೂ ಕರೆಯುವರು. ಆಕೆ ಹೇಳಿದ್ದು ನಿಜವಾಗಿತ್ತು. ಎರಡು ದಿನಗಳಿಂದ ಸಂಜೆ ಗೂಡಿನ ಬಾಗಿಲಲ್ಲಿ ಕೆಂಪು ಹೇಂಟೆಯು ಆ ಮರಿಯ ನೆತ್ತಿಯನ್ನು ಕುಕ್ಕಿ ಓಡಿಸುತ್ತಿದ್ದುದನ್ನು ನಾನು ಕಂಡಿದ್ದೆನು. ಕಂಡು, ಕೋಳಿಗಳ ಜಗಳ ತಾನೇ, ಎರಡು ದಿನದಲ್ಲಿ ಸರಿಹೋಗುವುದೆಂದು ಒಳಗೆ ಹೋಗಿದ್ದೆನು. ಎಣಿಸಲೂ ಇಲ್ಲ.

ಈ ಪಾಠದಲ್ಲಿ ನಾನು ಹೇಳಬೇಕೆಂದಿರುವುದೆಲ್ಲ ಆ ಅಜ್ಜಿಯ ಮಾತಿನ ವಿಸ್ತಾರವೇ ಆಗಿದೆ. ನಾವು ಒಳಜಗಳವನ್ನು ಒಂದು ಕಷ್ಟವೆಂದೂ ಮುಂಗುಸಿ, ಬೆಕ್ಕು, ಹದ್ದುಗಳನ್ನು ಬೇರೊಂದು ಕಷ್ಟವೆಂದೂ ಎಣಿಸುತ್ತೇವೆ. ಹೊರಗಣ ಹಗೆಗೆ ಸಾಮಾನ್ಯವಾಗಿ ಸಿಕ್ಕುವುದಾದರೋ ಒಳಗಿನವರು ಹೊರದೂಡಿದ ಕೋಳಿಯೇ.

ಕೋಳಿಗಳಲ್ಲಿ ಮೇಲು ಕೀಳೆಂಬ ಕ್ರಮವಿದೆಯೆಂಬುದನ್ನು ಶಾಸ್ತ್ರೀಯವಾಗಿ ಮೊದಲು ವಿವರಿಸಿದವನು ನಾರ್ವೆ ದೇಶದ ಷೆಲ್ಡೆರುಪ್ ಎಬ್ಬೆ ಎಂಬ ವಿದ್ವಾಂಸನು. ಅವನು ಬಾಲ್ಯದಿಂದಲೇ ಕೋಳಿಗಳನ್ನು ನೋಡುತ್ತ ಬರೆದಿಟ್ಟುಕೊಳ್ಳುತ್ತಿದ್ದವನು. 1921ರಲ್ಲಿ ತನ್ನ ಪ್ರಬಂಧದಲ್ಲಿ ಇದಕ್ಕೆ ಕುಕ್ಕುವ ಕ್ರಮವೆಂಬರ್ಥದ ಹೆಸರನ್ನು ಕೊಟ್ಟನು. ಮೊದಲನೆಯದು ಎಲ್ಲವನ್ನೂ ಕುಕ್ಕಬಹುದು. ಎರಡನೆಯದು ಮೊದಲನೆಯದನ್ನು ಬಿಟ್ಟು ಉಳಿದವನ್ನು. ಹೀಗೆ ಇಳಿದು ಇಳಿದು ಕಟ್ಟಕಡೆಯದು ಯಾರನ್ನೂ ಕುಕ್ಕಲಾರದು, ಎಲ್ಲರಿಂದಲೂ ಕುಕ್ಕಿಸಿಕೊಳ್ಳುವುದು. ಈ ಕ್ರಮವು ಒಮ್ಮೆ ನಿಂತಿತೆಂದರೆ ಗೂಡಿನಲ್ಲಿ ಶಾಂತಿಯಿರುತ್ತದೆ. ಏಕೆಂದರೆ ಕೆಳಗಿನದು ಮೇಲಿನದಕ್ಕೆ ದಾರಿಬಿಟ್ಟು ಸರಿಯುತ್ತದೆ, ಹೊಡೆದಾಟಕ್ಕೆ ಅವಕಾಶವೇ ಇಲ್ಲ. ಹೊಸ ಕೋಳಿ ಬಂದಾಗ, ಇದ್ದುದೊಂದು ಸತ್ತಾಗ, ಕಾವಿಗೆ ಕೂತ ಹೇಂಟೆಯು ವಾರಗಳ ತರುವಾಯ ಗುಂಪಿಗೆ ಮರಳಿದಾಗ, ಆ ಕ್ರಮವು ಕದಲಿ ಪುನಃ ಜಗಳವೇಳುತ್ತದೆ. ಆದುದರಿಂದ ಜಗಳವನ್ನು ಪೂರ್ತಿಯಾಗಿ ನಿಲ್ಲಿಸಲು ಹೊರಡುವುದು ವ್ಯರ್ಥ. ಸೋತದ್ದಕ್ಕೆ ಸರಿಯಲು ಜಾಗವಿರಬೇಕು, ಆ ಜಾಗವು ಬೇಲಿಯ ಒಳಗೇ ಇರಬೇಕು. ನಮ್ಮ ಕೈಯಲ್ಲಿರುವುದು ಇಷ್ಟೇ.

ಹೊಸ ಕೋಳಿಯನ್ನು ತಂದ ದಿನವೇ ಗುಂಪಿಗೆ ಬಿಡಕೂಡದು. ಮೊದಲು ಎರಡು ಮೂರು ವಾರ ದೂರದಲ್ಲಿ ಬೇರೆಯಾಗಿಡಬೇಕು. ಇದು ರೋಗದ ಭಯಕ್ಕಾಗಿ. ನಮ್ಮವರು ಕೊಕ್ಕರೆ ರೋಗವೆನ್ನುವ ರಾಣಿಖೇತ್ ರೋಗವು ಹೊಕ್ಕರೆ ಗೂಡಿಗೆ ಗೂಡೇ ಬರಿದಾಗುವುದು. ಲಸಿಕೆ ಹಾಕಿಸದೆ ಕೋಳಿ ಸಾಕುವುದು ಬೆಂಕಿಯ ಪಕ್ಕದಲ್ಲಿ ಹುಲ್ಲಿನ ಬಣವೆ ಒಟ್ಟಿದಂತೆ. ಆ ಅವಧಿ ಕಳೆದ ಮೇಲೆ ಒಂದು ವಾರ ಗೂಡಿನ ಪಕ್ಕದಲ್ಲಿಯೇ ಜಾಲರಿಯ ಆಚೆಗಿಟ್ಟು, ಒಂದನ್ನೊಂದು ನೋಡುವಂತೆ, ಆದರೆ ಮುಟ್ಟಲಾಗದಂತೆ ಮಾಡಬೇಕು. ಬಳಿಕ ರಾತ್ರಿ ಕತ್ತಲಾದ ಮೇಲೆ ಒಂದೊಂದಾಗಿ ಎತ್ತಿ ಅಡ್ಡೆಯ ಮೇಲೆ ಕೂರಿಸಿರಿ. ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣದು. ಬೆಳಿಗ್ಗೆ ಒಟ್ಟಿಗೆ ಎದ್ದರೆ ಮೊದಲ ದಿನದ ರೋಷ ಅರ್ಧ ಇಳಿದಿರುತ್ತದೆ. ಒಂಟಿ ಕೋಳಿಯನ್ನು ಸೇರಿಸುವುದಕ್ಕಿಂತ ಎರಡು ಮೂರನ್ನು ಒಟ್ಟಿಗೆ ಸೇರಿಸುವುದು ಮೇಲು, ಪೆಟ್ಟು ಹಂಚಿಹೋಗುವುದು.

ಮೇವಿನ ತೊಟ್ಟಿ, ನೀರಿನ ಬಟ್ಟಲುಗಳನ್ನು ಎರಡೆರಡು ಕಡೆ ಇಡಬೇಕು, ಒಂದರ ಬಳಿ ನಿಂತರೆ ಇನ್ನೊಂದು ಕಾಣದಂತೆ. ನಮ್ಮ ಮನೆಯಲ್ಲಿ ಕೆಂಪು ಹೇಂಟೆಯು ಒಂದು ಬಟ್ಟಲಿಗೆ ಪಹರೆ ನಿಂತರೆ ಮರಿಗಳು ಹುಣಿಸೆಮರದ ಹಿಂದಿನದಕ್ಕೆ ಹೋಗುತ್ತವೆ. ಅಡ್ಡೆಗಳೆಲ್ಲ ಒಂದೇ ಎತ್ತರದಲ್ಲಿರತಕ್ಕದ್ದು. ಏಣಿಯ ಮೆಟ್ಟಿಲಿನಂತೆ ಕಟ್ಟಿದರೆ ಮೇಲಿನ ಕೋಲಿಗಾಗಿ ಪ್ರತಿ ಸಂಜೆಯೂ ಯುದ್ಧವೇ. ತಲೆಗೆ 8 ಅಂಗುಲದಷ್ಟು ಅಡ್ಡೆ, ಹಗಲೆಲ್ಲ ಹೊರಗೆ ಮೇಯುವ ಕೋಳಿಗಳಾದರೂ ರಾತ್ರಿಯ ಗೂಡಿನಲ್ಲಿ ತಲೆಗೆ 2 ಚದರಡಿ ನೆಲ, ನಾಲ್ಕೈದು ಹೇಂಟೆಗಳಿಗೊಂದು ಮೊಟ್ಟೆಯ ಬುಟ್ಟಿ ಬೇಕು. ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಎರಡನೆಯದು ಬೆಳೆದು ಜುಟ್ಟು ಕೆಂಪಾದೊಡನೆ ಸಾರಿಗೋ ಸಂತೆಗೋ ಹೋಗಬೇಕಾದದ್ದೇ. ದಯೆ ತೋರಿ ಇಟ್ಟುಕೊಂಡರೆ ಎರಡೂ ರಕ್ತ ಸುರಿಸಿಕೊಳ್ಳುವುವು, ಹೇಂಟೆಗಳ ಬೆನ್ನಿನ ಗರಿಯೂ ಉಳಿಯದು.

ಮೇಲು ಕೀಳಿನ ಕುಕ್ಕು ಬೇರೆ, ಗರಿ ಕಿತ್ತು ಮಾಂಸ ತಿನ್ನುವ ಚಟ ಬೇರೆ. ಎರಡನೆಯದು ಇಕ್ಕಟ್ಟಿನಿಂದ, ತೀಕ್ಷ್ಣ ಬೆಳಕಿನಿಂದ, ಆಹಾರದಲ್ಲಿ ಉಪ್ಪು ಅಥವಾ ಸಸಾರಜನಕದ ಕೊರತೆಯಿಂದ ಹುಟ್ಟುತ್ತದೆ. ಬರಿಯ ರಾಗಿ ನುಚ್ಚು, ತೌಡುಗಳಲ್ಲಿ ಸಸಾರಜನಕ ಸಾಲದು. ಹಿಂದಿನ ಹೆಂಗಸರು ಹಳೆಯ ಗಡಿಗೆಗೆ ಸಗಣಿ, ಹುಲ್ಲು ತುಂಬಿ, ತೇವಮಾಡಿ, ಗೆದ್ದಲಿರುವ ಕಡೆ ಬೋರಲು ಹಾಕಿಟ್ಟು, ಬೆಳಿಗ್ಗೆ ಅದರಲ್ಲಿ ಸೇರಿದ ಗೆದ್ದಲನ್ನು ಮರಿಗಳ ಮುಂದೆ ಕೊಡಹುತ್ತಿದ್ದರು. ಖರ್ಚಿಲ್ಲದ ಔಷಧ. ನುಗ್ಗೆಸೊಪ್ಪಿನ ಕಂತೆಯನ್ನು ಕತ್ತು ಚಾಚಿದರೆ ಎಟಕುವಷ್ಟು ಎತ್ತರದಲ್ಲಿ ತೂಗಹಾಕಿದರೆ ಕೊಕ್ಕಿಗೆ ಕೆಲಸ ಸಿಕ್ಕಿ ನೆರೆಯದರ ಬಾಲ ಉಳಿಯುತ್ತದೆ. ರಕ್ತ ಕಂಡ ಕೋಳಿಯನ್ನು ಮಾತ್ರ ಒಂದು ಗಳಿಗೆಯೂ ಗುಂಪಿನಲ್ಲಿ ಬಿಡಬೇಡಿರಿ. ಕೆಂಪು ಬಣ್ಣವು ಮಿಕ್ಕೆಲ್ಲವನ್ನೂ ಕರೆಯುತ್ತದೆ. ಪ್ರತ್ಯೇಕವಾಗಿಟ್ಟು, ಗಾಯವನ್ನು ತೊಳೆದು, ಅರಿಸಿನದ ಲೇಪವಿಟ್ಟು, ಪೂರ್ಣ ಮಾಯ್ದ ಮೇಲೆಯೇ ಸೇರಿಸತಕ್ಕದ್ದು.

ಇನ್ನು ಹೊರಗಣ ಹಗೆಗಳು. ಕೋಳಿ ಹೋಯಿತೆಂದು ಕೂಗಾಡುವ ಮೊದಲು ಯಾವ ಹೊತ್ತಿನಲ್ಲಿ ಹೋಯಿತು, ಏನು ಉಳಿದಿದೆ ಎಂಬೆರಡನ್ನು ನೋಡಬೇಕು. ಹಗಲಿನಲ್ಲಿ ಮರಿಯು ಗುರುತಿಲ್ಲದೆ ಮಾಯವಾದರೆ ಹದ್ದು, ಗಿಡುಗ ಅಥವಾ ಕಾಗೆ. ಹಗಲಿನಲ್ಲಿಯೇ ದೊಡ್ಡ ಕೋಳಿಯ ಕತ್ತು, ತಲೆಗೆ ಕಚ್ಚು ಬಿದ್ದು, ಒಂದಕ್ಕಿಂತ ಹೆಚ್ಚು ಸತ್ತಿದ್ದರೆ ಮುಂಗುಸಿಯೆಂದು ಊಹಿಸಬಹುದು. ಅದು ರಾತ್ರಿ ತಿರುಗುವ ಪ್ರಾಣಿಯಲ್ಲ. ರಾತ್ರಿಯಲ್ಲಾದರೆ ಕಾಡುಬೆಕ್ಕು, ಪುನುಗಿನ ಬೆಕ್ಕು. ಮರಿಯು ಸತ್ತು ಬಿದ್ದಿದ್ದು, ತಲೆ ಕತ್ತುಗಳ ಗರಿಯು ಲೋಳೆಯಿಂದ ಒದ್ದೆಯಾಗಿ ಅಂಟಿಕೊಂಡಿದ್ದರೆ, ಹಾವು ನುಂಗಲು ನೋಡಿ ಬಿಟ್ಟುಹೋಗಿದೆ. ಚಿಕ್ಕ ಮರಿಗಳನ್ನು ಬಿಲಕ್ಕೆ ಎಳೆದೊಯ್ಯುವುದು ಹೆಗ್ಗಣ. ಜಾಲರಿ ಹರಿದು, ಐದಾರು ಕೋಳಿಗಳು ಸಿಗಿದು ಬಿದ್ದು, ಒಂದನ್ನೂ ತಿಂದಿಲ್ಲವಾದರೆ ನಾಯಿಗಳ ಕೆಲಸ. ಶಿವಗಂಗೆಯ ಬೆಟ್ಟದ ಸುತ್ತಿನವರು ಚಿರತೆಯನ್ನೂ ಸೇರಿಸಿಕೊಳ್ಳಬೇಕಾದೀತು. ಅದು ಬಂದರೆ ಮುಖ್ಯವಾಗಿ ನಾಯಿ, ಮೇಕೆಗಳಿಗಾಗಿ, ಮತ್ತು ಆ ಕೆಲಸ ಅರಣ್ಯ ಇಲಾಖೆಯವರದು, ನಮ್ಮದಲ್ಲ.

ಎಲ್ಲದರಲ್ಲಿಯೂ ಈಗ ಹೆಚ್ಚಾಗಿರುವುದು ನಾಯಿಗಳ ಕಾಟವೆಂದು ನನ್ನ ಅಭಿಪ್ರಾಯ. 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ಪ್ರಾರಂಭವಾದಂದಿನಿಂದ ನಮ್ಮ ಸುತ್ತ ಬಡಾವಣೆಗಳೂ ರಸ್ತೆಬದಿಯ ಕಸದ ಗುಡ್ಡೆಗಳೂ ಬೆಳೆದಿವೆ. ಆ ಗುಡ್ಡೆಗಳನ್ನು ನಂಬಿ ಬದುಕುವ ನಾಯಿಗಳು ಹಸಿದ ದಿನ ಹಳ್ಳಿಗೆ ನುಗ್ಗುತ್ತವೆ. ಸತ್ತ ಕೋಳಿಯನ್ನು ಬಯಲಿಗೆ ಎಸೆಯುವವರು ಆ ನಾಯಿಗಳಿಗೆ ರುಚಿ ಕಲಿಸುವ ಉಪಾಧ್ಯಾಯರೇ ಸರಿ. ಸತ್ತದ್ದನ್ನು ಆಳವಾಗಿ ಹೂಳಿರಿ.

ಕೋಳಿಗಳು ತಮ್ಮ ಹಗೆಯ ಸುದ್ದಿಯನ್ನು ತಾವೇ ಹೇಳುತ್ತವೆಂಬುದು ಅಡಿಗೆಮನೆಯಲ್ಲಿರುವವರಿಗೆ ಬಹಳ ಉಪಯೋಗದ ಸಂಗತಿ. ಆಕಾಶದಲ್ಲಿ ಗಿಡುಗ ಕಂಡರೆ ಹುಂಜವು ಎಳೆದು ಕೀಚಲಾಗಿ ಒಮ್ಮೆ ಕೂಗುವುದು. ಹೇಂಟೆಗಳು ಪೊದೆಗೆ ಓಡಿ ಅಡಗುವುವು. ನೆಲದ ಮೇಲೆ ನಾಯಿಯೋ ಮುಂಗುಸಿಯೋ ಬಂದರೆ ಕಟಕ್ ಕಟಕ್ ಎಂದು ತುಂಡುತುಂಡಾಗಿ ಬಿಡದೆ ಕೂಗುವುದು; ಹೇಂಟೆಗಳು ಕತ್ತು ನಿಮಿರಿಸಿ ನಿಲ್ಲುವುವು. ವಿಜ್ಞಾನಿಗಳು ಪರದೆಯ ಮೇಲೆ ಚಿತ್ರಗಳನ್ನು ತೋರಿಸಿ ಪರೀಕ್ಷಿಸಿ ಇವು ಎರಡು ಬೇರೆ ಕೂಗುಗಳೆಂದು ಸ್ಥಿರಪಡಿಸಿದ್ದಾರೆ. ಒಂದು ವಾರ ಕಿವಿಗೊಟ್ಟರೆ ನಿಮಗೂ ತಿಳಿಯುವುದು. ಮೊದಲನೆಯ ಕೂಗಿಗೆ ಹೊರಗೆ ಓಡಿಬಂದು ಮೇಲೆ ನೋಡಿರಿ. ಎರಡನೆಯದಕ್ಕೆ ಕೋಲು ಹಿಡಿದು ಬನ್ನಿರಿ.

ಗಿಡುಗಕ್ಕೆ ಮದ್ದು ಮರೆಯೇ. ಹಿತ್ತಲಲ್ಲಿ ಅವರೆಯದೋ ಸೋರೆಯದೋ ಚಪ್ಪರವಿದ್ದರೆ ಮರಿಗಳು ಅದರಡಿಯಲ್ಲಿ ನಿಶ್ಚಿಂತೆಯಿಂದ ಕೆದಕುವುವು. ನಮ್ಮ ಭಾಗದ ಬೆಂಗಳೂರು ನೀಲಿ ದ್ರಾಕ್ಷಿಯ ಚಪ್ಪರದಡಿ ಕೋಳಿ ಬಿಡುವವರೂ ಉಂಟು. ಆದರೆ ಔಷಧ ಹೊಡೆದ ದಿನಗಳಲ್ಲಿ ಆ ಕಡೆ ಬಿಡಲೇಕೂಡದು. ಮೊದಲ ಕೆಲವು ವಾರ ತಾಯಿಯನ್ನೂ ಮರಿಗಳನ್ನೂ ದೊಡ್ಡ ಬಿದಿರುಕುಕ್ಕೆಯ ಕೆಳಗೆ ಮುಚ್ಚಿಡುವ ಹಳೆಯ ಪದ್ಧತಿಯೂ ಒಳ್ಳೆಯದೇ, ಮೇಲೆ ಒಂದು ಕಲ್ಲನ್ನು ಹೇರಲು ಮರೆಯದಿದ್ದರೆ.

ರಾತ್ರಿಯ ಗೂಡಿನ ವಿಷಯದಲ್ಲಿ ಜನ ಮಾಡುವ ದೊಡ್ಡ ತಪ್ಪೆಂದರೆ ತೆಳುವಾದ ಕೋಳಿ ಜಾಲರಿಯನ್ನು ನಂಬುವುದು. ಅದು ಕೋಳಿಯನ್ನು ಒಳಗಿಡುವುದೇ ಹೊರತು ನಾಯಿಯನ್ನು ಹೊರಗಿಡದು. ಅದರ ಕಣ್ಣಿನಲ್ಲಿ ಸಣ್ಣ ಹಾವೂ ಇಲಿಯೂ ಸಲೀಸಾಗಿ ನುಗ್ಗುವುವು. ಬೆಸುಗೆ ಹಾಕಿದ ಅರ್ಧ ಅಂಗುಲ ಕಣ್ಣಿನ ದಪ್ಪ ಜಾಲರಿಯೇ ಬೇಕು, ಮತ್ತು ಗಾಳಿಗಂಡಿಗೂ ಅದನ್ನೇ ಬಡಿಯಬೇಕು. ಅಗೆದು ನುಗ್ಗುವ ಪ್ರಾಣಿಗಳಿಗಾಗಿ ಜಾಲರಿಯನ್ನು ಒಂದಡಿ ನೆಲದೊಳಕ್ಕೆ ಇಳಿಸಬಹುದು. ನಮ್ಮ ತಾಲ್ಲೂಕುಗಳಲ್ಲಿ ಅದಕ್ಕಿಂತ ಸುಲಭೋಪಾಯವಿದೆ. ಚಪ್ಪಡಿ ಕಲ್ಲಿಗೆ ಇಲ್ಲಿ ಬರವಿಲ್ಲ; ಒಡೆದ ಚಪ್ಪಡಿಗಳನ್ನೇ ತಂದು ಗೂಡಿನ ನೆಲಕ್ಕೂ ಸುತ್ತ ಎರಡಡಿಗೂ ಹಾಸಿದರೆ ಹೆಗ್ಗಣದ ಆಟ ಮುಗಿಯಿತು. ಬಾಗಿಲಿಗೆ ದಾರ ಸುತ್ತಿ ತೃಪ್ತಿಪಡಬೇಡಿರಿ, ಅಗುಳಿ ಹಾಕಿಸಿರಿ. ಉಳಿದ ಮೇವನ್ನು ಸಂಜೆಯೇ ತೆಗೆದಿಡಿರಿ: ಚೆಲ್ಲಿದ ನುಚ್ಚಿಗೆ ಇಲಿ ಬರುತ್ತದೆ, ಇಲಿಗೆ ಹಾವು ಬರುತ್ತದೆ, ಬಂದ ಹಾವು ಮೊಟ್ಟೆಯನ್ನು ಕಾಣುತ್ತದೆ.

ವಿಷವಿಡುವವರನ್ನೂ ಉರುಳು ಹಾಕುವವರನ್ನೂ ಕುರಿತು ಒಂದು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಮುಂಗುಸಿ, ಕಾಡುಬೆಕ್ಕು, ನಾಗರ, ಕೇರೆ ಇವುಗಳನ್ನು ಕೊಲ್ಲುವುದು ಅಪರಾಧ. ಕಾಯಿದೆಯ ಮಾತು ಹಾಗಿರಲಿ, ರಾಗಿಯ ಕಣಜದ ಇಲಿಗಳನ್ನು ತಿನ್ನುವವೂ ಇವೇ. ಒಂದನ್ನು ಕೊಂದರೆ ಆ ಎಡೆಗೆ ಇನ್ನೊಂದು ಬರುವುದು. ಗೂಡಿನ ತೂತು ಮಾತ್ರ ಹಾಗೆಯೇ ಇರುವುದು.

ಕೋಳಿ ಸಾಕಣೆಯನ್ನು ಕ್ರಮವಾಗಿ ಕಲಿಯಬೇಕೆನ್ನುವವರಿಗೆ ಹೆಸರಘಟ್ಟದಲ್ಲಿ ಕೇಂದ್ರ ಸರ್ಕಾರದ ಕೋಳಿ ಅಭಿವೃದ್ಧಿ ಮತ್ತು ತರಬೇತಿ ಸಂಸ್ಥೆಯಿದೆ. ದೊಡ್ಡಬಳ್ಳಾಪುರ, ನೆಲಮಂಗಲಗಳಿಗೆ ದೂರವೂ ಅಲ್ಲ.

ನಮ್ಮ ಗೂಡಿನ ಸಮಾಚಾರವನ್ನು ಹೇಳಿಬಿಡುತ್ತೇನೆ. ಕಳೆದುಹೋದದ್ದಕ್ಕೆ ಬದಲಾಗಿ ಉಳಿದ ಐದು ಮರಿಗಳಲ್ಲಿ ಒಂದನ್ನು ಆರಿಸಿಕೊಳ್ಳೆಂದು ಹುಡುಗಿಗೆ ಹೇಳಿದೆನು, ತಪ್ಪು ನನ್ನದಾಗಿತ್ತಷ್ಟೆ. ಅವಳು ಎಲ್ಲಕ್ಕಿಂತ ಸಣ್ಣದನ್ನು, ಕೆಂಪು ಹೇಂಟೆಯನ್ನು ಕಂಡರೆ ತೊಟ್ಟಿಯ ಹಿಂದೆ ಅಡಗುತ್ತಿದ್ದುದನ್ನೇ ಆರಿಸಿ ನೀಲಿ ದಾರ ಕಟ್ಟಿದಳು. ಏಕೆಂದು ಕೇಳಿದರೆ, ದೊಡ್ಡವನ್ನು ಕಾಯಬೇಕಾಗಿಲ್ಲವಲ್ಲ ಎಂದಳು. ಈಗ ಅದು ಮೊಟ್ಟೆಯಿಡುತ್ತಿದೆ. ಹೊತ್ತು ಮುಳುಗುವಾಗ ಹುಡುಗಿಯು ಲಾಟೀನನ್ನು ಹಿಡಿದು ಬಂದು, ಅಡ್ಡೆಯ ಮೇಲಿನ ಬೆನ್ನುಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ಎಣಿಸಿ, ಹದಿಮೂರು ಎಂದು ನನಗೆ ಕೇಳುವಂತೆ ಕೂಗಿದ ಮೇಲೆಯೇ ಅಗುಳಿಯನ್ನು ಹಾಕುತ್ತಾಳೆ.