ಅವ್ವನ ನೀರಿನ ಲೆಕ್ಕ

2003ರಲ್ಲಿ ವಿಜಾಪುರ ಜಿಲ್ಲೆಯ ತಿಕೋಟಾ ಸುತ್ತಿನ ದ್ರಾಕ್ಷಿ ಪಡಗಳಿಗೆ ಟ್ಯಾಂಕರಿನಿಂದ ನೀರು ಕುಡಿಸಿದ್ದನ್ನು ನನ್ನ ವಯಸ್ಸಿನವರು ಮರೆತಿರಲಿಕ್ಕಿಲ್ಲ. ಮಳೆ ಕೈಕೊಟ್ಟು ಆಗಲೇ ಎರಡು ವರ್ಷ ಕಳೆದಿದ್ದವು. ನಮ್ಮ ಒಂದೂವರೆ ಎಕರೆ ಪಡದ ಬೋರು ಗಾಳಿ ಉಗುಳತೊಡಗಿತ್ತು. ಎರಡು ದಿನಕ್ಕೊಮ್ಮೆ ಬರುವ ಟ್ಯಾಂಕರು ಬ್ಯಾರಲ್ ತುಂಬಿಸಿ ಹೋದರೆ, ಅಲ್ಲಿಂದ ಕೊಡದಲ್ಲಿ ಹೊತ್ತು ಗಿಡದಿಂದ ಗಿಡಕ್ಕೆ ನಡೆಯುವುದು ಅವ್ವನ ಮತ್ತು ನನ್ನ ಕೆಲಸ.

ಅವ್ವ ನೀರು ಹಾಕುತ್ತಿದ್ದ ರೀತಿ ಇನ್ನೂ ಕಣ್ಣಿಗೆ ಕಟ್ಟಿದೆ. ಬುಡಕ್ಕೆ ಹಾಸಿದ ಕಬ್ಬಿನ ರವದಿಯನ್ನು ಎಡಗೈಯಿಂದ ಮೆಲ್ಲಗೆ ಎತ್ತುವಳು. ತಂಬಿಗೆಯನ್ನು ನೆಲಕ್ಕೆ ತಾಗಿಸಿಯೇ ಬಗ್ಗಿಸುವಳು, ಮೇಲಿನಿಂದ ಸುರಿಯುತ್ತಿರಲಿಲ್ಲ. ನೀರು ಇಂಗುವವರೆಗೂ ಅಲ್ಲೇ ಕುಕ್ಕರಗಾಲಲ್ಲಿ ಕೂತಿದ್ದು, ರವದಿಯನ್ನು ಮತ್ತೆ ಮುಚ್ಚಿ ಅಂಗೈಯಿಂದ ಒತ್ತುವಳು. “ನೆಲಾ ಕುಡೀಲಿ ತಂಗಿ, ಬಿಸಲಾ ಕುಡೀಬಾರದು” ಅನ್ನುತ್ತಿದ್ದಳು. ಬಬಲೇಶ್ವರ ಕಡೆಯ ಎರಿಹೊಲದ ಜೋಳದ ಮನೆತನದಿಂದ ಬಂದ ಹೆಣ್ಣುಮಗಳು ಅವ್ವ. ದ್ರಾಕ್ಷಿ ಕಲಿತದ್ದು ಗಂಡನ ಮನೆಗೆ ಬಂದ ಮೇಲೆ.

ಬೇಸಿಗೆ ಏರಿದಂತೆ ಟ್ಯಾಂಕರಿನ ನೀರೂ ಸಾಲದಾಯಿತು. ಎಲ್ಲ ಗಿಡಕ್ಕೂ ಒಂದೊಂದು ತಂಬಿಗೆ ಕಡಿಮೆ ಮಾಡೋಣ ಎಂದು ಅಪ್ಪ ಅಂದ. ಅವ್ವ ಒಪ್ಪಲಿಲ್ಲ. ನಮ್ಮ ಪಡದಲ್ಲಿ ಒಂದು ಎಕರೆ ಹಳೆಯ ಗಿಡ, ಸ್ವಂತ ಬೇರಿನವು. ಉಳಿದ ಅರ್ಧ ಎಕರೆ ಡಾಗ್‌ರಿಜ್ ಬೇರಿನ ಮೇಲೆ ಕಸಿ ಕಟ್ಟಿದವು. ಡಾಗ್‌ರಿಜ್ ನೀರಿನ ಬರ ತಡೆಯುವ ಬೇರು. ನಮ್ಮ ಕಡೆ ಅದು ಹಬ್ಬಿದ್ದೇ ಆ ಕಾರಣಕ್ಕೆ. “ಎಲ್ಲಾಕೂ ಅರೆಬರೆ ಕುಡಿಸಿದರ ಎಲ್ಲಾನೂ ಒಣಗತಾವ. ಕಸಿ ಗಿಡ ತಡೀತಾವ, ಅವಕ್ಕ ಬಿಡೂನು” ಅಂದಳು ಅವ್ವ. ಅಪ್ಪ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನದಿಂದ ಕಸಿ ಗಿಡಗಳ ಸಾಲನ್ನು ದಾಟಿ ಕೊಡ ಹೊತ್ತುಕೊಂಡು ಹೋದೆವು. ಅವುಗಳ ಎಲೆ ಅಂಚಿನಿಂದ ಸುಡುತ್ತ ಬಂದದ್ದನ್ನು ನೋಡುತ್ತಲೇ ದಾಟಿದೆವು.

ಅದೇ ಜೂನ್‌ನಲ್ಲಿ ಅವ್ವ ನನ್ನ ಓದು ನಿಲ್ಲಿಸಿದಳು.

ಪಿಯುಸಿ ಮುಗಿದಿತ್ತು, ಬಿ.ಎ. ಸೇರಬೇಕಿತ್ತು. ವಿಜಾಪುರದಲ್ಲಿ ಮಹಿಳಾ ವಿಶ್ವವಿದ್ಯಾಲಯ ಶುರುವಾದದ್ದೂ ಅದೇ ವರ್ಷ. ಇಡೀ ಕರ್ನಾಟಕದ ಹೆಣ್ಣುಮಕ್ಕಳಿಗಾಗಿ ನಮ್ಮ ಜಿಲ್ಲೆಯಲ್ಲೇ ವಿಶ್ವವಿದ್ಯಾಲಯ ಬಂತೆಂದು ಪೇಪರಿನಲ್ಲಿ ಬಂದದ್ದನ್ನು ನಾನೇ ಅವ್ವನಿಗೆ ಓದಿ ಹೇಳಿದ್ದೆ. ಮನೆಯಲ್ಲಿದ್ದ ದುಡ್ಡು ಟ್ಯಾಂಕರಿಗೆ ಮತ್ತು ತಮ್ಮನ ಡಿಪ್ಲೊಮಾ ಫೀಗೆ ಹೋಯಿತು. “ಈ ವರ್ಷ ನೀ ಮನ್ಯಾಗ ಇರು ತಂಗಿ” ಅಂದಳು. ಯಾಕೆ ಎಂದು ಅವಳು ಹೇಳಲಿಲ್ಲ, ಎಷ್ಟು ದಿನ ಎಂದೂ ಹೇಳಲಿಲ್ಲ. ನಾನು ಅತ್ತೆ, ಜಗಳಾಡಿದೆ, ಎರಡು ಹೊತ್ತು ಉಣ್ಣಲಿಲ್ಲ. ಅವ್ವ ತಾಟು ಮುಚ್ಚಿಟ್ಟು ಪಡಕ್ಕೆ ಹೋದಳು.

ಆ ವರ್ಷವೆಲ್ಲ ಮಣೂಕದ, ಅಂದರೆ ಒಣದ್ರಾಕ್ಷಿಯ, ಶೆಡ್ಡಿನಲ್ಲೇ ಕಳೆದಂತೆ ನೆನಪು. ನಿಜವಾಗಿ ಅಲ್ಲಿದ್ದದ್ದು ಮುಂದಿನ ಫೆಬ್ರವರಿ, ಮಾರ್ಚ್ ಎರಡೇ ತಿಂಗಳು. ನೀರು ಹಾಕಿ ಉಳಿಸಿಕೊಂಡ ಒಂದು ಎಕರೆ, ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವುದು) ಆದ ಮೇಲೆ ಅಷ್ಟಿಷ್ಟು ಹಣ್ಣು ಕೊಟ್ಟಿತ್ತು. ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೋನೇಟ್, ಡಿಪ್ಪಿಂಗ್ ಎಣ್ಣೆ ಕಲಸಿದ ನೀರಲ್ಲಿ ಅದ್ದಿ ಜಾಳಿಗೆಯ ಮೇಲೆ ಹರವಬೇಕು. ನೆರಳು ಗಾಳಿಗೆ ಎರಡು ವಾರ ಬಿಟ್ಟರೆ ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಮಣೂಕ ಆಗುತ್ತದೆ. ಆಮೇಲೆ ಆರಿಸುವ ಕೆಲಸ. ಹಸಿರು ಬಣ್ಣದ ಉದ್ದನೆಯವು ತಾಸಗಾಂವ ಮಾರುಕಟ್ಟೆಗೆ, ಕರಿದಾದವು ಮನೆಗೆ. ಬೆಳಗಿನಿಂದ ಸಂಜೆವರೆಗೂ ಆರಿಸುತ್ತ, ಮನೆಯಲ್ಲಿ ಉಳಿದ ಕರಿ ಮಣೂಕ ನಾನೇ ಎಂದುಕೊಳ್ಳುತ್ತಿದ್ದೆ.

ತಾಸಗಾಂವದಿಂದ ದುಡ್ಡು ಬಂದದ್ದು ಸಾಲಕ್ಕೆ ಸರಿಹೋಯಿತು. ಜೂನ್ ಬಂದಾಗ ಅವ್ವನ ಕೊರಳಲ್ಲಿ ಬೋರಮಾಳ ಇರಲಿಲ್ಲ. ನನ್ನನ್ನು ಬಸ್ಸು ಹತ್ತಿಸಿಕೊಂಡು ವಿಜಾಪುರಕ್ಕೆ ಹೋಗಿ ಕಾಲೇಜಿಗೆ ಹೆಸರು ಹಚ್ಚಿಸಿದಳು. ಆಗಲೂ ಹೆಚ್ಚು ಮಾತಿಲ್ಲ. ಮಳೆ ಬಂದ ಮೇಲೆ ಕಸಿ ಗಿಡಗಳೂ ಬಹುಪಾಲು ಚಿಗುರಿದವು.

ಹತ್ತು ವರ್ಷದ ಮೇಲೆ, ನಾನು ಟೀಚರಾಗಿ ಸಂಬಳ ತರುತ್ತಿದ್ದಾಗ, ಆಗ ನನ್ನ ಓದನ್ನೇ ಯಾಕೆ ನಿಲ್ಲಿಸಿದೆ ಎಂದು ಒಂದು ರಾತ್ರಿ ಕೇಳಿಯೇ ಬಿಟ್ಟೆ. ಅವ್ವ ಬದನೆಕಾಯಿ ಸೀಳುತ್ತಿದ್ದಳು. “ನಿನ್ನ ತಮ್ಮ ಒಮ್ಮೆ ಬಿಟ್ಟಿದ್ರ ತಿರುಗಿ ಹೋಗ್ತಿರಲಿಲ್ಲ. ನಿನ್ನ ಬೇರು ಗಟ್ಟಿ. ಒಂದು ವರ್ಷ ತಡೀತಿದ್ದಿ” ಅಂದಳು. ಮೊದಲ ದಿನದಿಂದಲೇ ಅವಳ ಲೆಕ್ಕದಲ್ಲಿ ನಾನಿದ್ದೆ, ನನ್ನ ಪಾಳಿ ಯಾವಾಗ ಎಂಬುದೂ ಇತ್ತು. ಹೇಳಿರಲಿಲ್ಲ, ಅಷ್ಟೆ.

ಅವ್ವನ ಮೇಲಿನ ಮಮತೆಯನ್ನು ಬದಿಗಿಡದೆಯೇ ಒಂದು ಮಾತು ಹೇಳುತ್ತೇನೆ. ಲೆಕ್ಕ ಸರಿಯಿತ್ತು, ಹೇಳದೇ ಇದ್ದದ್ದು ಸರಿಯಿರಲಿಲ್ಲ. ನಮ್ಮ ಮನೆಗಳಲ್ಲಿ ತಡೆಯುವ ಬೇರು ಯಾವಾಗಲೂ ಹೆಣ್ಣುಮಕ್ಕಳದ್ದೇ ಆಗಿರುತ್ತದೆ. ಗಟ್ಟಿ ಎಂಬ ಹೆಸರು ಬಿದ್ದವರಿಗೆ ನೀರು ಕೊನೆಗೆ ಬರುತ್ತದೆ, ಎಷ್ಟೋ ಸಲ ಬರುವುದೇ ಇಲ್ಲ. ಈಗ ನನ್ನ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಕಾಯಿಸಬೇಕಾಗಿ ಬಂದರೆ ಕೂಡಿಸಿಕೊಂಡು ಹೇಳುತ್ತೇನೆ: ಇಷ್ಟು ದುಡ್ಡಿದೆ, ಇದಕ್ಕೆ ಹೋಗುತ್ತದೆ, ನಿನ್ನ ಪಾಳಿ ಇಂಥ ತಿಂಗಳಿಗೆ. ಮುಖ ಸಪ್ಪಗಾಗುತ್ತದೆ. ಆದರೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳುತ್ತಾರೆ.

ಅವ್ವ ತನ್ನ ಪಾಳಿಯನ್ನು ಎಲ್ಲಿಯೂ ಬರೆದಿರಲಿಲ್ಲ. ಕಣ್ಣಿಗೆ ಪೊರೆ ಬಂದಾಗ “ಚಾಟ್ನಿ ಮುಗೀಲಿ” ಅಂದಳು. ಚಾಟ್ನಿ ಮುಗಿದರೆ “ಮಣೂಕ ಮಾರೂನು” ಅಂದಳು. ಮೂರು ವರ್ಷ ಹಾಗೆಯೇ ಹೋದವು. ಚೆನ್ನಾಗಿ ಕಾಣುತ್ತಿದೆ ಎಂದು ಅವಳಂದದ್ದನ್ನು ನಾವು ನಂಬಿದೆವು. ನಂಬಿದರೆ ನಮಗೆ ಹಗುರವಾಗುತ್ತಿತ್ತು. ಒಂದು ಸಂಜೆ ರೊಟ್ಟಿ ತಟ್ಟುವಾಗ ಅವ್ವ ಹಂಚಿನ ಅಂಚನ್ನು ಬೆರಳಿಂದ ತಡವಿ ಹುಡುಕುತ್ತಿರುವುದನ್ನು ಕಂಡೆ. ಬೆರಳ ತುದಿಗಳು ಸುಟ್ಟು ಬಿರುಸಾಗಿದ್ದವು. ಮರುದಿನವೇ ಕರೆದುಕೊಂಡು ಹೋಗಿ ಆಪರೇಷನ್ ಮಾಡಿಸಿದೆ. ಗಟ್ಟಿಯಾದವರು ನೀರಡಿಸಿದೆ ಎಂದು ಹೇಳುವುದಿಲ್ಲ, ಹೋಗಿ ರವದಿ ಎತ್ತಿ ನೋಡಬೇಕು ಎಂಬುದನ್ನು ನಾನು ಕಲಿತದ್ದು ಆ ಹಂಚಿನ ಮುಂದೆ.

ಬಿಜ್ಜರಗಿಯ ಸಿದ್ಧೇಶ್ವರ ಅಪ್ಪೋರು ಲಿಂಗೈಕ್ಯರಾದ 2023ರಲ್ಲೇ, ದೀಪಾವಳಿಯ ಆಸುಪಾಸಿನಲ್ಲಿ, ಅವ್ವನೂ ಹೋದಳು. ಅದಕ್ಕೆ ಮೊದಲಿನ ಒಂದು ಬೆಳಗನ್ನು ಹೇಳಬೇಕು.

ಕಣ್ಣು ಚೆನ್ನಾಗಿ ಕಾಣತೊಡಗಿದ ಮೇಲೆ ಗೋಳಗುಮ್ಮಟ ಹತ್ತಿ ನೋಡಬೇಕು ಎಂದಿದ್ದಳು. ಜೀವಮಾನವಿಡೀ ಬಸ್ಸಿನ ಕಿಟಕಿಯಿಂದಲೇ ನೋಡಿದವಳು. ಜನ ಸೇರುವ ಮೊದಲೇ, ಬೆಳಗಿನ ಏಳಕ್ಕೆ ಹೋದೆವು. ಏಳು ಅಂತಸ್ತಿನ ಮೆಟ್ಟಿಲನ್ನು ಅಲ್ಲಲ್ಲಿ ಕೂತು ಹತ್ತಿದಳು. ಗುಮ್ಮಟದ ಒಳಸುತ್ತಿನ ಮೊಗಸಾಲೆಯಲ್ಲಿ ಅವಳನ್ನು ಒಂದು ಕಡೆ ಕೂರಿಸಿ, ಗೋಡೆಗೆ ಕಿವಿ ಇಡು ಎಂದು ಹೇಳಿ, ನಾನು ಸುತ್ತು ಹಾಕಿ ಎದುರು ಬದಿಗೆ ಹೋದೆ. ಅಷ್ಟು ದೂರಕ್ಕೆ ಅವಳ ಇಳಕಲ್ ಸೀರೆಯ ಸೆರಗಿನ ಕೆಂಪು ಮಾತ್ರ ಕಾಣುತ್ತಿತ್ತು. ಗೋಡೆಗೆ ಬಾಯಿ ಹಚ್ಚಿ ಮೆಲ್ಲಗೆ ಕೇಳಿದೆ: “ಯವ್ವಾ, ಹಸಿವ್ಯಾಗೇತೇನ?”

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕಿವಿಯಲ್ಲೇ ಉಸುರಿದಂತೆ ಬಂತು: “ಹೂಂ ತಂಗಿ. ಭಾಳ ಹಸದೇನಿ.”

ಕೆಳಗಿಳಿದು ಹೊರಗಿನ ಹುಲ್ಲಿನ ಮೇಲೆ ಬುತ್ತಿ ಬಿಚ್ಚಿದೆವು. ಮೊದಲ ರೊಟ್ಟಿ ಅವ್ವನಿಗೆ ಕೊಟ್ಟೆ. ಮುರಿದು ನನಗೆ ಕೊಡಲಿಲ್ಲ. ಶೇಂಗಾ ಹಿಂಡಿ ಹಚ್ಚಿಕೊಂಡು ತಾನೇ ಉಂಡಳು.