ಚೌಡಕಿಯ ಮೀಟೂ ಮಾಪಕದ ಸೊನ್ನೆಯೂ

ಸವದತ್ತಿಯ ಎಲ್ಲಮ್ಮನ ಗುಡ್ಡ ರಾಮದುರ್ಗಕ್ಕೆ ದೂರವಲ್ಲ. ಚೌಡಕಿಯ ನಾದವನ್ನು ಕೇಳದವರು ಈ ಸೀಮೆಯಲ್ಲಿ ವಿರಳ. ಮರದ ಕೊಳವೆಯ ಒಂದು ತುದಿಗೆ ಚರ್ಮ, ಅದಕ್ಕೆ ಬಿಗಿದ ಒಂದೇ ತಂತಿ. ಮೀಟಿದೊಡನೆ ನಾದವು ಸಿಡಿದು ಮರುಕ್ಷಣವೇ ಇಳಿದುಹೋಗುತ್ತದೆ.

ರಾಮದುರ್ಗದಲ್ಲಿ ಒಮ್ಮೆ ವೃದ್ಧ ಗಾಯಕಿಯೊಬ್ಬರ ಚೌಡಕಿ ಪದಗಳನ್ನು ನಾವು ಕಂಪ್ಯೂಟರಿನಲ್ಲಿ ಮುದ್ರಿಸಿಕೊಂಡೆವು. ಮನೆಗೆ ಬಂದು ಕೇಳಿದಾಗ ಕಂಠವೇನೋ ಸ್ವಚ್ಛವಾಗಿತ್ತು. ಆದರೆ ಪ್ರತಿಯೊಂದು ಮೀಟೂ ಒಡೆದು ಕರ್ಕಶವಾಗಿತ್ತು. ಪುನಃ ಹಾಡಿಸುವ ಅವಕಾಶವು ಒದಗಲಿಲ್ಲ. ತಪ್ಪು ನಮ್ಮದೇ. ಅದು ಹೇಗಾಯಿತೆಂಬುದನ್ನು ವಿಚಾರಿಸೋಣ.

ಮೈಕ್ರೊಫೋನಿನಿಂದ ಬರುವ ಅಲ್ಪ ವಿದ್ಯುತ್ತನ್ನು ಆಡಿಯೊ ಇಂಟರ್‌ಫೇಸ್ ಎಂಬ ಪೆಟ್ಟಿಗೆಯು ವರ್ಧಿಸಿ, ಸೆಕೆಂಡಿಗೆ 48,000 ಸಲ ಅಳೆದು, ಅಂಕಿಗಳಾಗಿ ಕಂಪ್ಯೂಟರಿಗೆ ಕಳುಹಿಸುತ್ತದೆ. 24 ಬಿಟ್‌ಗಳ ಅಳತೆಯಲ್ಲಿ ಸುಮಾರು 1 ಕೋಟಿ 67 ಲಕ್ಷ ಮೆಟ್ಟಿಲುಗಳುಂಟು. ತುತ್ತತುದಿಗೆ ಸೊನ್ನೆ ಡೆಸಿಬೆಲ್ ಎಂದು ಹೆಸರು; ಉಳಿದುವೆಲ್ಲ ಋಣಸಂಖ್ಯೆಗಳು. ಸೊನ್ನೆಯ ಮೇಲೆ ಮೆಟ್ಟಿಲೇ ಇಲ್ಲವಾದುದರಿಂದ, ಅಲ್ಲಿಗೇರುವ ಅಲೆಯ ನೆತ್ತಿಯು ಚಪ್ಪಟೆಯಾಗಿ ಕತ್ತರಿಸಿಹೋಗುತ್ತದೆ. ಮುದ್ರಣವಾದ ಮೇಲೆ ಧ್ವನಿಯನ್ನು ತಗ್ಗಿಸಿದರೆ ಚಪ್ಪಟೆಯಾದ ಅಲೆಯೇ ಸಣ್ಣದಾಗುವುದಲ್ಲದೆ ಹೋದ ಆಕಾರವು ಮರಳದು.

ಮಾಪಕವು ನಮ್ಮನ್ನೇಕೆ ಎಚ್ಚರಿಸಲಿಲ್ಲ? ನಾವು ಅದನ್ನು ಸರಾಸರಿ ತೋರಿಸುವಂತೆ ಅಳವಡಿಸಿದ್ದೆವು. 1939ರಲ್ಲಿ ಅಮೆರಿಕದ ರೇಡಿಯೊ ಸಂಸ್ಥೆಗಳು ಒಪ್ಪಿಕೊಂಡ ವಿ.ಯು. ಮಾಪಕದ ಸೂಚಿಯು ತನ್ನ ನೆಲೆಗೇರಲು ಸುಮಾರು 300 ಮಿಲಿಸೆಕೆಂಡು ಹಿಡಿಯುತ್ತಿತ್ತು. ಕಿವಿಗೆ ತೋರುವ ಗಟ್ಟಿತನವನ್ನು ಅಂದಾಜು ಮಾಡಲು ಅದು ಉತ್ತಮವೇ. ಚೌಡಕಿಯ ಸಿಡಿತವಾದರೋ ಕೆಲವೇ ಮಿಲಿಸೆಕೆಂಡುಗಳದು. ಸರಾಸರಿಯು −15ರಲ್ಲಿ ತೂಗಾಡುತ್ತಿರುವಾಗಲೇ ಶಿಖರಗಳು ಸೊನ್ನೆಯನ್ನು ಮುಟ್ಟಿರಬಹುದು. ಇಂಥ ವಾದ್ಯಕ್ಕೆ ಶಿಖರವನ್ನು ತೋರಿಸಿ, ಹಿಡಿದಿಡುವ ಅಳವಡಿಕೆಯೇ ಬೇಕು.

ಎರಡನೆಯ ತಪ್ಪು ಇನ್ನೂ ಬಾಲಿಶವಾದುದು. ಹೆಡ್‌ಫೋನಿನಲ್ಲಿ ಸದ್ದು ಹೆಚ್ಚಾಯಿತೆಂದು ಗಾಯಕಿ ಹೇಳಲು, ನಾವು ಮಾನಿಟರ್ ಗುಂಡಿಯನ್ನು ತಿರುಗಿಸಿ, ಮುದ್ರಣವೂ ತಗ್ಗಿತೆಂದು ನೆಮ್ಮದಿಯಿಂದಿದ್ದೆವು! ಆ ಗುಂಡಿಯು ಕೇಳುವ ಸದ್ದನ್ನು ಮಾತ್ರ ಬದಲಿಸುತ್ತದೆ. ಮುದ್ರಣದ ಮಟ್ಟವನ್ನು ನಿರ್ಧರಿಸುವುದು ಗೇನ್ ಗುಂಡಿ. ಅತ್ಯಂತ ಬಲವಾದ ಮೀಟನ್ನು ಮೊದಲೇ ನುಡಿಸಿಸಿ, ಶಿಖರವು −12ರ ಆಸುಪಾಸಿನಲ್ಲಿ ನಿಲ್ಲುವಂತೆ ಗೇನನ್ನು ಇಡಬೇಕು. ಪ್ರತಿ 6 ಡೆಸಿಬೆಲ್‌ಗೆ ಒಂದು ಬಿಟ್ಟಿನಂತೆ ಇದರಿಂದ ನಷ್ಟವಾಗುವುದು 2 ಬಿಟ್ ಮಾತ್ರ. ನೇಕಾರರ ಈ ಊರಿನಲ್ಲಿ ದೂರದ ಮಗ್ಗದ ಸದ್ದೇ ಆ ನಷ್ಟಕ್ಕಿಂತ ಎಷ್ಟೋ ಪಾಲು ದೊಡ್ಡದು.

ಗಾಯಕರು ತಮ್ಮ ಧ್ವನಿಯನ್ನು ಯಾವ ಮಾರ್ಗವಾಗಿ ಕೇಳುತ್ತಾರೆಂಬುದೂ ಮುಖ್ಯ. ಕಂಪ್ಯೂಟರು ಒಳಬರುವಾಗ 512, ಹೊರಹೋಗುವಾಗ 512 ಅಳತೆಗಳನ್ನು ಕೂಡಿಟ್ಟರೆ, 1024ನ್ನು 48,000ದಿಂದ ಭಾಗಿಸಲು ಸುಮಾರು 21 ಮಿಲಿಸೆಕೆಂಡು ವಿಳಂಬ ಬರುತ್ತದೆ. ಅಷ್ಟರಲ್ಲಿ ಗಾಳಿಯಲ್ಲಿ ಶಬ್ದವು 7 ಮೀಟರು ಸಾಗಬಲ್ಲದು. ತನ್ನ ಮೀಟನ್ನೇ ಅಂಗಳದಾಚೆಯಿಂದ ಕೇಳಿದಂತೆ! ತಾಳ ಜಾರದಿದ್ದೀತೆ? ಪೆಟ್ಟಿಗೆಯೊಳಗಿನ ನೇರ ಮಾನಿಟರಿಂಗನ್ನು ತೆರೆದರೆ ಧ್ವನಿಯು ಕಂಪ್ಯೂಟರಿಗೆ ಹೋಗದೆಯೇ ಕಿವಿಗೆ ಮರಳುತ್ತದೆ. ಆಗ ತಂತ್ರಾಂಶದ ಮಾನಿಟರನ್ನು ಮುಚ್ಚುವುದನ್ನು ಮರೆಯಬಾರದು. ಮರೆತರೆ ಒಂದೇ ಮೀಟು ಎರಡು ಸಲ ಕೇಳಿಬರುತ್ತದೆ.